ಲಾಡಸಾಬನ ಕೋಲು

ದಾಂಡೇಲಿಯ ಕಟ್ಟಿಗೆ ಮಿಲ್ಲಿನಿಂದ ಫಲಕ ವಾಪಸು ಬಂದಿತ್ತು, ಗೋಣಿಚೀಲದಲ್ಲಿ ಸುತ್ತಿಸಿಕೊಂಡು.

"ನಿನ್ನ ಮಗಳು ಮತ್ತ ತವರಿಗೆ ಬಂದಾಳ ನೋಡು" ಎಂದರು ಬಸಲಿಂಗಯ್ಯ ಮಾಸ್ತರು, ಫಲಕವನ್ನು ತುಳಸಾಳ ಮುಂದೆ ಸರಿಸಿ.

ಹಳಿಯಾಳದ ಪೇಟೆಯಲ್ಲಿ ಅಂಗಡಿ ಫಲಕ, ಬೀಡಿ ಕಟ್ಟಿನ ಚೀಟಿ ಬರೆಯುವ ಈ ಮಾಸ್ತರರ ಬಳಿ ತುಳಸಾ ಚಿತ್ರ ಕಲಿಯತೊಡಗಿ ಮೂರು ವರ್ಷ. ಎರಡು ವರ್ಷ ಬಣ್ಣ ಕಲಸಿ, ಗೆರೆ ತಿದ್ದಿದ ಮೇಲೆ ಗಿರಾಕಿಗಳ ಕೆಲಸ ಕೈಗೆ ಬಂದಿತ್ತು. "ಮೂರು ಸಲ ಕೆಲಸ ತಿರುಗಿ ಬಂದರ ಗಂಟು ಕಟ್ಟಿ ಮನಿಗೆ ನಡಿ" ಎಂದು ಅವರು ಮೊದಲೇ ಹೇಳಿದ್ದರು. ಇದು ಮೂರನೆಯದು.

ಮೊದಲನೆಯದು ಗಿಳಿ ಬೀಡಿಯ ಚೀಟಿ. ಎಲೆಗಳ ನಡುವೆ ಎಲೆಯಂತೆಯೇ ಕೂತ ಗಿಳಿ. ತುಳಸಾಳಿಗೆ ಅದೇ ಹೆಮ್ಮೆ. "ಅಕ್ಷರ ಬರದಾಂವ ಗಿಳಿ ಕೊಡ್ರಿ ಅನಬೇಕು. ಇದನ್ನ ನೋಡಿ ಎಲಿ ಕೊಡ್ರಿ ಅಂತಾನ" ಎಂದು ಮಾಸ್ತರು ವಾಪಸು ಬಂದ ಚೀಟಿಯನ್ನು ಎಸೆದಿದ್ದರು. ಎರಡನೆಯದು ಮುಂಡಗೋಡದ ಅಕ್ಕಿ ಚೀಲದ ಎತ್ತು. "ಮೂಗುದಾರಿಲ್ಲದ ಎತ್ತು ಯಾರ ಹೊಲ ಮೇಯಾಕ ಹೊಂಟೈತಿ?" ಎಂದು ಗಿರಾಕಿಯೇ ಬೈದು ಕಳಿಸಿದ್ದ. ಎರಡೂ ಸಲ ಆಕೆ ಹಲ್ಲು ಕಚ್ಚಿ, ತಪ್ಪು ನೋಡುವವರದು ಎಂದುಕೊಂಡಿದ್ದಳು.

ಮಿಲ್ಲಿನವರು ಕೇಳಿದ್ದು ಇಷ್ಟೆ: ಓಡುವ ಗರಗಸದ ಬಾಯಿಯ ಮರದ ಹೊಟ್ಟನ್ನು ಯಾರೂ ಕೈಯಿಂದ ತೆಗೆಯಬಾರದು, ಅದು ಓದಲು ಬಾರದವನಿಗೂ ತಿಳಿಯಬೇಕು. ತುಳಸಾ ಅಲ್ಲಿಗೆ ಹೋದಾಗ, ಗರಗಸಕ್ಕೆ ಎರಡು ಬೆರಳು ಕಳೆದುಕೊಂಡ ಕೆಲಸಗಾರ ಲಾಡಸಾಬ ಚಹಾ ಕುಡಿಯುತ್ತಿದ್ದ. ಆ ಕೈಯನ್ನು ಕದ್ದು ಬರೆದುಕೊಂಡು ಬಂದು, ಫಲಕದ ಮೇಲೆ ಗರಗಸದ ಪಕ್ಕದಲ್ಲಿ ರಕ್ತ ಸುರಿಯುವಂತೆ ಬಿಡಿಸಿದ್ದಳು.

"ಚಿತ್ರ ಛಲೋ ಐತಿ ಮಾಸ್ತರ" ಎಂದಳು ಸಿಟ್ಟಿನಿಂದ.

"ಛಲೋ ಇದ್ದದ್ದು ಯಾಕ ತಿರುಗಿ ಬಂತು? ಹೋಗಿ ಕೇಳಿಕೊಂಡು ಬಾ. ಅಲ್ಲೀತನಕ ನಿನ್ನ ಬಟ್ಟಿ ಗಂಟು ಬಾಗಿಲದಾಗ ಇರಲಿ."

ಫಲಕವನ್ನೂ ಬಣ್ಣದ ಡಬ್ಬಿಗಳನ್ನೂ ಹೊತ್ತು ದಾಂಡೇಲಿಯಲ್ಲಿ ಬಸ್ಸಿಳಿದು ಮಿಲ್ಲಿನೊಳಗೆ ಬಂದರೆ ಅಲ್ಲಿನ ಕೆಲಸಗಾರ ಯಲ್ಲಪ್ಪ ಕೂಗಿದ, "ಲಾಡಸಾಬ! ಫೋಟೋದಾಕಿ ಬಂದ್ಲೋ, ಇನ್ನೊಂದು ಕೈ ಬಚ್ಚಿಡು!"

ಎಲ್ಲರೂ ನಕ್ಕರು. ಲಾಡಸಾಬ ನಗಲಿಲ್ಲ.

"ಯಾರನ್ನ ಕೇಳಿ ನನ್ನ ಕೈ ಒಯ್ದಿ?"

"ಉಳದವರು ಹುಷಾರಾಗಲಿ ಅಂತ, ಕಾಕಾ..."

"ಹುಷಾರಾದ್ರು! ನನಗ ಸಲಾಂ ಮಾಡೂ ಮುಂದ ಎರಡು ಬೆರಳು ಮಡಚತಾರ. ಗರಗಸ ನೋಡಾವ್ರು ಒಬ್ಬರೂ ಇಲ್ಲ."

ಅಷ್ಟರಲ್ಲಿ ಯಲ್ಲಪ್ಪ ನಗುತ್ತಲೇ ಗರಗಸದ ಬಾಯಿಯ ಹೊಟ್ಟಿಗೆ ಕೈ ಚಾಚಿದ. ಲಾಡಸಾಬನ ಬಿದಿರುಕೋಲು ಅವನ ಮಣಿಕಟ್ಟಿಗೆ ಛಟೀರೆಂದು ಬಿತ್ತು. "ಹರಾಮಖೋರ!" ಎನ್ನುತ್ತ ಅದೇ ಕೋಲಿನಿಂದ ಲಾಡಸಾಬ ಹೊಟ್ಟು ತಳ್ಳಿದ. ಹೋದ ಸಲವೂ ಆ ಕೋಲು ಅವನ ಮಗ್ಗುಲಲ್ಲೇ ಇತ್ತು. ಬೆರಳಿಲ್ಲದ ಜಾಗವನ್ನೇ ದಿಟ್ಟಿಸುತ್ತ ಆಕೆ ಕೋಲನ್ನು ನೋಡಿರಲಿಲ್ಲ.

ಅಲ್ಲೇ ಕೂತು ರಕ್ತದ ಕೈ ಸಹಿತ ಫಲಕಕ್ಕೆಲ್ಲ ಬಿಳಿ ಬಳಿದಳು. ಅದು ಒಣಗಲು ಎರಡು ದಿನ. ಎರಡು ದಿನವೂ ಬಸ್ಸಿನಲ್ಲಿ ಬಂದು ಮೂಲೆಯಲ್ಲಿ ಕೂತಳು. ಯಾರೂ ನೀರು ಬೇಕೇನು ಎನ್ನಲಿಲ್ಲ. ಮೂರನೆಯ ದಿನ ಗರಗಸ, ಹೊಟ್ಟಿನ ಗುಪ್ಪೆ, ಅದನ್ನು ತಳ್ಳುವ ಕೋಲು ಬರೆದಳು.

ಲಾಡಸಾಬ ಬಂದು ನಿಂತ. "ಬೆರಳೆಷ್ಟು ಬರದಿ?"

"ಬರದಿಲ್ಲ, ಕಾಕಾ."

"ಕೋಲು ಗಿಡ್ಡ ಆತು. ನಂದು ಇಷ್ಟ ಇದ್ದಿದ್ರ ಉಳದ ಮೂರೂ ಹೋಗತಿದ್ದುವು."

"ಎಷ್ಟು ಉದ್ದ ಬೇಕ್ರಿ?"

ಅವನು ತನ್ನ ಕೋಲನ್ನು ಫಲಕಕ್ಕೆ ಹಿಡಿದು ತೋರಿಸಿದ. ಆಕೆ ಅಷ್ಟಕ್ಕೆ ಗೆರೆ ಎಳೆದಳು. ಬಣ್ಣ ಹಸಿಯಿರುವಾಗಲೇ ಅವನು ಮೂರು ಬೆರಳಲ್ಲಿ ಮೊಳೆ ಹಿಡಿದು ಫಲಕವನ್ನು ತಾನೇ ಗೋಡೆಗೆ ಹೊಡೆದ. "ಇನ್ನ ನಡಿ" ಎಂದ.

ತುಳಸಾ ಬರಿಯ ಗೋಣಿಚೀಲದೊಂದಿಗೆ ಹಳಿಯಾಳಕ್ಕೆ ಬಂದಳು. ಗಂಟು ಬಾಗಿಲಲ್ಲೇ ಇತ್ತು.

"ಫಲಕ?" ಎಂದರು ಮಾಸ್ತರು, ತಲೆಯೆತ್ತದೆ.

"ಗೋಡಿ ಮ್ಯಾಲೈತ್ರಿ."

ಮಾಸ್ತರು ಬಹಳ ಹೊತ್ತು ಕುಂಚ ತೊಳೆದರು.

"ಚೀಲ ಹೊರಗ ಝಾಡಿಸು. ಹೊಟ್ಟು ಬಣ್ಣದಾಗ ಬೀಳತೈತಿ" ಎಂದರು. "ಆ ಗಂಟನ್ನೂ ಒಳಗ ಇಡು, ಕಾಲಿಗೆ ಎಡವತೈತಿ."