ಕೇಳಿ ಪಡೆದ ಕೋಣೆ

ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುವ ನಮ್ಮ ಸಂಸ್ಥೆಗೆ ಇರುವುದು ಮಹಡಿಯ ಮೇಲಿನ ಒಂದೇ ಕೋಣೆ. ಬೀದಿಯ ಹಾರನ್ನು ಒಳಗೆ ಕೇಳಿಸದಿರಲೆಂದು ಗೋಡೆಗೆಲ್ಲ ಹಳೇ ಕಂಬಳಿ ಬಡಿದಿದ್ದೇವೆ. ಓದುವವಳು ನಾನು. ಯಂತ್ರದ ಮುಂದೆ ಕೂರುವವರು ನನ್ನ ಅಕ್ಕನ ಗಂಡ. ವರ್ಷದ ಕೊನೆಯ ದಿನದೊಳಗೆ ಬಾಡಿಗೆ ಬಾಕಿ ತೀರದಿದ್ದರೆ ಕೋಣೆಯನ್ನು ಬಟ್ಟೆ ಅಂಗಡಿಯವರಿಗೆ ಕೊಡುವುದಾಗಿ ಮಾಲೀಕರು ಹೇಳಿಯಾಗಿತ್ತು.

ಆ ಕೊನೆಯ ವಾರ ದಾನಿಗಳಿಗೆಂದು ಒಂದು ಮನವಿ ಓದಿದೆ. "ವರ್ಷ ಮುಗಿಯುವ ಮುನ್ನ ಕೈಲಾದಷ್ಟು ಕೊಡಿ" ಎಂದು ಜೇನಿನಂಥ ದನಿಯಲ್ಲಿ ಮುಗಿಸಿದೆ. ಯಂತ್ರ ನಿಂತಿದೆ ಅಂದುಕೊಂಡು ಹೊಟ್ಟೆಯೊಳಗಿದ್ದದ್ದನ್ನೂ ಕಕ್ಕಿದೆ. "ಈ ದೊಡ್ಡ ಮನುಷ್ಯರ ಮನೆಗೆ ಅಲೆದು ಅಲೆದು ಚಪ್ಪಲಿ ಸವೀತು ಭಾವ! ಎಲ್ರದ್ದೂ ಒಂದೇ ರಾಗ, ನೋಡೋಣ, ನೋಡೋಣ. ಈ ಕೋಣೆ ಹೋದ್ರೆ ನಾನು ಎಲ್ಲಿ ಕೂತು ಓದ್ಲಿ?" ಆಮೇಲೆ ಅತ್ತೂ ಬಿಟ್ಟೆ.

ಯಾವ ದಾನಿಯಿಂದಲೂ ಉತ್ತರ ಬರಲಿಲ್ಲ. ಕೊನೆಯ ದಿನ ಬೆಳಿಗ್ಗೆ ಅನುಮಾನ ಬಂದು ಭಾವನ ಫೋನು ಕಿತ್ತುಕೊಂಡು ನೋಡಿದೆ. ಏನು ಓದಿ ಮುಗಿಸಿದರೂ ನಮ್ಮ ಕೇಳುಗರಿಗೆಲ್ಲ ಕಳಿಸಿಬಿಡುವುದು ಅವರ ಕೈಗಂಟಿದ ಅಭ್ಯಾಸ. ಮನವಿಯನ್ನೂ ದಾನಿಗಳ ಬದಲು ಕೇಳುಗರಿಗೇ ಕಳಿಸಿದ್ದರು, ನನ್ನ ಬೈಗುಳ, ಅಳು ಸಮೇತ.

"ಅಯ್ಯೋ ಭಾವ! ಯಾರಿಗೆ ಕೊಡ್ಬೇಕೋ ಅವರ ಮುಂದೇನೇ ಕೈ ಚಾಚಿದ ಹಾಗಾಯ್ತಲ್ಲ! ಮಾನ ಮೂರು ಕಾಸಿಗೆ ಹೋಯ್ತು!"

"ಕೈ ತಪ್ಪಿ ಆಯ್ತು, ನಿಧಾನಕ್ಕೆ ಬೈಯಮ್ಮ, ಕೆಳಗಿನವ್ರಿಗೆ ಕೇಳಿಸುತ್ತೆ" ಎಂದರು ಭಾವ.

ಕೇಳಿಸಿಯೇ ಇತ್ತು. ಬಾಗಿಲು ತೆರೆದರೆ ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ನಿಂತಿದ್ದರು. ಅವರ ಭುಜದ ಮೇಲೆ ಸಂಗೀತದ ಮೇಷ್ಟರ ಕೈ, ಮೇಷ್ಟರ ಭುಜದ ಮೇಲೆ ಇನ್ನೊಬ್ಬರದು. ಮೆಟ್ಟಿಲ ತುಂಬ ನಮ್ಮ ಕೇಳುಗರೇ.

"ತಪ್ಪಾಯ್ತು, ಅದು ನಿಮಗೆ ಕಳಿಸಿದ್ದಲ್ಲ" ಎಂದು ತೊದಲಿದೆ.

ಆಪರೇಟರಮ್ಮನ ಮುಖ ಬಿಗಿಯಿತು. "ಯಾಕೆ ನಮಗಲ್ಲ? ನಾನು ಸಂಬಳ ತಗೊಳ್ಳೋಳು. ಮೇಷ್ಟ್ರು ಪಾಠ ಹೇಳಿ ಮಕ್ಕಳನ್ನ ದಡ ಸೇರಿಸಿದೋರು. ಇಷ್ಟು ವರ್ಷ ನಮಗೆ ಓದಿ ಹೇಳಿದ್ರಿ, ಒಂದು ಸಲಾನಾದ್ರೂ 'ನೀವೂ ಕೊಡಿ' ಅಂದ್ರಾ? ಯಾವಾಗ್ಲೂ ನಮ್ಮ ಕೈ ಕೆಳಗೇ ಇರ್ಬೇಕಾ?"

ನಾನು ಬಾಗಿಲಿನಿಂದ ಪಕ್ಕಕ್ಕೆ ಸರಿದೆ. ಅವರು ಒಳಗೆ ಬರಲಿಲ್ಲ.

"ಕೊಡೋಕೇ ಬಂದಿದ್ದೀವಿ. ಆದ್ರೆ ನಮ್ಮನ್ನ ಕೇಳಿ. ನಮ್ಮನ್ನೇ."

ನಾನು ಗಂಟಲು ಸರಿಮಾಡಿಕೊಂಡೆ. ಜೇನಿನ ದನಿ ಬರಲಿಲ್ಲ, ನನ್ನ ಒರಟು ದನಿಯೇ ಬಂತು. "ಕಷ್ಟದಲ್ಲಿದ್ದೀವಿ. ಕೊಡಿ."

"ಕೊಟ್ವಿ!" ಎಂದಿತು ಮೆಟ್ಟಿಲು ಪೂರ್ತಿ.

ಹನಿಹನಿಗೂಡಿ ಹಳ್ಳ ಎನ್ನುವುದನ್ನು ಅಂದು ಕಣ್ಣಾರೆ ಕಂಡೆ. ಮೇಜು ತುಂಬಿತು. ಬರಲಾಗದವರು ಫೋನಿನಲ್ಲಿ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಬಾಕಿ ತೀರಿಸಿ ಮಿಗುವಷ್ಟಾಯಿತು. ಭಾವ ಕುರ್ಚಿ ಹತ್ತಿ "ಕೋಣೆ ಉಳೀತು!" ಎಂದು ಕೂಗಿದರು. ನನಗೆ ಎದೆಯುಬ್ಬಿ ಬಂತು, ಅಳುವೂ ಬಂತು.

ಕೋಣೆ ಖಾಲಿ ಮಾಡಿಸಲೆಂದೇ ಬಂದ ಮಾಲೀಕರು ಜನರ ನಡುವೆ ನುಸುಳಿಕೊಂಡು ಏದುಸಿರು ಬಿಡುತ್ತ ಮೇಲೆ ಬಂದರು. ಬಾಡಿಗೆ ಎಣಿಸಿಕೊಂಡು, ಮುಖ ಸಣ್ಣದು ಮಾಡಿಕೊಂಡು ಹೊರಟರು. ಆಪರೇಟರಮ್ಮ ಕೋಲು ಅಡ್ಡ ಹಿಡಿದರು.

"ಇವತ್ತು ವರ್ಷದ ಕೊನೇ ದಿನ ಸ್ವಾಮಿ. ನಾವೆಲ್ಲ ಕೊಟ್ಟಿದ್ದೀವಿ. ನಿಮ್ಮದೆಷ್ಟು?"

ಮಾಲೀಕರು ನನ್ನ ಮುಖ ನೋಡಿದರು, ಮೆಟ್ಟಿಲ ಕಡೆ ನೋಡಿದರು, ಜೇಬಿಗೆ ಕೈ ಹಾಕಿದರು.