ಹೊಸ ಸ್ಟೇಷನ್ನಿಗೆ ಅಜ್ಜಯ್ಯ ಬಂದ ಮೇಲೆ

ಹೊಸ ಸ್ಟೇಷನ್ ಕಟ್ಟಿದವರಿಗೆ ನಮ್ಮೂರು ಎಲ್ಲಿದೆಯೆಂದು ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಹಳೆಯದು ಸಂತೆ ಬೀದಿಯ ತುದಿಯಲ್ಲಿತ್ತು. ರೈಲು ಕೂಗಿದ ಮೇಲೆ ಮನೆ ಬಿಟ್ಟರೂ ಹತ್ತಬಹುದಿತ್ತು. ಹೊಸದನ್ನು ತೆಗೆದುಕೊಂಡು ಹೋಗಿ ಎಮ್ಮೆಗಳು ಹೊರಳಾಡುವ ಗದ್ದೆಯ ನಡುವೆ ನಿಲ್ಲಿಸಿದರು. ಗಾಜಿನ ಗೋಡೆ, ತಾನೇ ಹತ್ತುವ ಮೆಟ್ಟಿಲು, ವಿಮಾನ ನಿಲ್ಲಿಸುವಷ್ಟು ದೊಡ್ಡ ಛಾವಣಿ. ಅದರ ಮೇಲೆ ‘ಅಂತಾರಾಷ್ಟ್ರೀಯ ಟರ್ಮಿನಲ್’ ಎಂದು ಮೂರು ಭಾಷೆಗಳಲ್ಲಿ ಬರೆಸಿದರು. ಅಂತಾರಾಷ್ಟ್ರೀಯ ಅಂದರೆ ಏನು ಮಹಾ? ಮೆಕಾಂಗ್ ಸೇತುವೆ ದಾಟಿ ಲಾವೋಸಿಗೆ ಹೋಗುವ ಎರಡು ಬೋಗಿಯ ರೈಲು. ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಪರದೇಶ ಬಂದುಬಿಡುತ್ತದೆ.

ಉದ್ಘಾಟನೆಗೆ ಬಂದ ದೊಡ್ಡ ಸಾಹೇಬರು ಪ್ರಯಾಣಿಕರು ಮೂರು ಪಟ್ಟು ಹೆಚ್ಚುತ್ತಾರೆ ಎಂದು ಭಾಷಣ ಬಿಗಿದು, ಊಟ ಮಾಡಿ ಬ್ಯಾಂಕಾಕಿಗೆ ಹೋದರು. ಹೆಚ್ಚುವುದಿರಲಿ, ಇದ್ದವರೂ ಮಾಯವಾದರು.

ನಿನಗೇನು ಕಷ್ಟ ಅಂತ ಕೇಳಬೇಡಿ. ಆ ಪರದೇಶದಲ್ಲಿ ನನ್ನ ಅಕ್ಕ ಕೇಸೋನ್ ಇದ್ದಾಳೆ. ಮದುವೆಯಾಗಿ ಆಚೆ ದಡಕ್ಕೆ ಹೋದವಳು, ಗಂಡ ತೀರಿಕೊಂಡ ಮೇಲೂ ಈಚೆ ಬರಲಿಲ್ಲ. ನಾನು ಸಾಯ್‌ಬುವ, ನಾನೂ ವಿಧವೆಯೇ, ಸಂತೆಯಲ್ಲಿ ಕೋಳಿ ಸುಟ್ಟು ಮಾರುತ್ತೇನೆ. “ಸಾಯ್‌ಬುವ, ನೀನೇ ಇಲ್ಲಿಗ್ ಬಂದಿರು” ಅನ್ನುತ್ತಾಳೆ ಅವಳು. “ನೀನೇ ಬಾ” ಅನ್ನುತ್ತೇನೆ ನಾನು. ಇಬ್ಬರೂ ಹಟಮಾರಿಗಳು. ಹಾಗಾಗಿ ಹುಣ್ಣಿಮೆಗೆ ಅವಳು ರೈಲು ಹತ್ತಿ ಬರುತ್ತಾಳೆ, ಅಮಾವಾಸ್ಯೆಗೆ ನಾನು ಹೋಗುತ್ತೇನೆ. ಅವಳ ಮಂಡಿಗೆ ಬಸ್ಸಿನ ಮೆಟ್ಟಿಲು ಆಗುವುದಿಲ್ಲ, ನನಗೆ ಬಸ್ಸು ಹತ್ತಿದರೆ ವಾಂತಿ. ಕೂತು ಅಂಟನ್ನ ತಿನ್ನುತ್ತ, ಅಮ್ಮ ಉಡುತ್ತಿದ್ದ ರೇಷ್ಮೆ ಲುಂಗಿ ಯಾರಿಗೆ ಸೇರಬೇಕಿತ್ತು ಎಂದು ಜಗಳ ಆಡುತ್ತೇವೆ. ಫೋನಿನಲ್ಲಿ ಆಡಬಹುದಲ್ಲ ಅನ್ನಬೇಡಿ. ಫೋನಿನಲ್ಲಾದರೆ ಸೋಲುವ ಹೊತ್ತಿಗೆ ಸರಿಯಾಗಿ ಕಟ್ ಮಾಡುತ್ತಾಳೆ. ಈ ಭೂಮಿ ಮೇಲೆ ನನ್ನನ್ನು ‘ಲೇ ಪೆದ್ದಿ’ ಅಂತ ಕರೆಯುವವಳು ಅವಳೊಬ್ಬಳೇ ಉಳಿದಿದ್ದಾಳೆ. ನನಗೆ ಅದು ಬೇಕು.

ಇಂಥ ರೈಲಿಗೆ ಜನ ಯಾಕೆ ಬರುತ್ತಿಲ್ಲ ಎಂದು ನೋಡಲು ಇಲಾಖೆಯಿಂದ ರವಿವನ್ ಎಂಬ ಹುಡುಗಿ ಬಂದಳು. ಒಳ್ಳೆ ಹುಡುಗಿ, ಓದಿದವಳು, ಬಿಸಿಲಿಗೆ ಟೊಮೇಟೊ ಥರ ಕೆಂಪಾಗಿದ್ದಳು. ನನ್ನ ಅಂಗಡಿ ಮುಂದೆ ನಿಂತು ಕೇಳಿದಳು:

“ಅಮ್ಮಾ, ನೀವು ಯಾಕೆ ರೈಲಲ್ಲಿ ಹೋಗ್ತಿಲ್ಲ? ಟಿಕೆಟ್ ದುಬಾರಿನಾ?”

“ಹೋಗ್ತೀನಲ್ಲ ಮೇಡಂ. ನಾನು ಹೋಗ್ತೀನಿ, ಅದು ನಿಲ್ಲಲ್ಲ.”

“ಅಂದ್ರೆ?”

“ಅಜ್ಜಯ್ಯಂಗೆ ಹೇಳಿ ಹೋಗೋ ಹೊತ್ತಿಗೆ ಬಿಟ್ಟುಬಿಟ್ಟಿರತ್ತೆ.”

ಅಜ್ಜಯ್ಯ ಅಂದರೆ ನಮ್ಮ ಸ್ಟೇಷನ್ನಿನ ಭೂಮಿದೈವ. ಹಳೇ ಸ್ಟೇಷನ್ನಿನ ಮಾವಿನ ಮರದ ಪಕ್ಕ, ಒಂಟಿ ಕಂಬದ ಮೇಲೆ ಪುಟ್ಟ ಮನೆಯಲ್ಲಿ ಇರುತ್ತಾನೆ. ಹೊಳೆ ದಾಟುವವರು ಮೊದಲು ಅವನಿಗೆ ಊದುಬತ್ತಿ ಹಚ್ಚಿ, ಕೆಂಪು ಸೋಡಾ ಇಟ್ಟು, ಹೆಸರು ಹೇಳಿ, ಎಲ್ಲಿಗೆ ಹೊರಟೆ, ಯಾವಾಗ ಬರುತ್ತೇನೆ ಎಂದು ತಿಳಿಸಬೇಕು. ಊದುಬತ್ತಿ ಪೂರಾ ಉರಿಯುವ ತನಕ ಕದಲುವಂತಿಲ್ಲ. ಬಂದ ಮೇಲೆ ‘ಬಂದೆ ಅಜ್ಜಯ್ಯ’ ಅನ್ನಬೇಕು. ಮರೆತರೆ ಅವನ ಲೆಕ್ಕದಲ್ಲಿ ನೀವಿನ್ನೂ ಪರದೇಶದಲ್ಲೇ. ಕ್ಷೌರದ ಬುನ್‌ಚೂಗೆ ಹಾಗೇ ಆಯಿತು. ಕುಡಿದು ವಾಪಸ್ ಬಂದವನು ನೆಟ್ಟಗೆ ಮನೆಗೆ ಹೋಗಿ ಮಲಗಿಬಿಟ್ಟ. ಅಲ್ಲಿಂದಾಚೆ ಅವನನ್ನು ಯಾರೂ ಮದುವೆಗೆ ಕರೆಯಲಿಲ್ಲ, ಲಾಟರಿ ಒಂದೂ ಹೊಡೆಯಲಿಲ್ಲ, ಹೆಂಡತಿ ಅಡಿಗೆಯಲ್ಲಿ ಅವನ ಪಾಲು ಹಾಕಲಿಲ್ಲ. “ಊರಲ್ಲಿಲ್ಲದೋರಿಗೆ ಯಾರು ಬೇಯಿಸ್ತಾರೆ?” ಅಂದಳಂತೆ. ಕೊನೆಗೆ ಓಡಿಹೋಗಿ ‘ಬಂದೆ’ ಅಂದ ಮೇಲೆಯೇ ಅವನು ಬಂದಂತಾಗಿದ್ದು.

ಸ್ಟೇಷನ್ ಸಾಗಿಸಿದವರು ಕುರ್ಚಿ, ಗಡಿಯಾರ, ಕಸದ ಬುಟ್ಟಿ ಎಲ್ಲವನ್ನೂ ಸಾಗಿಸಿದರು. ಅಜ್ಜಯ್ಯನನ್ನು ಬಿಟ್ಟರು. ಹೀಗಾಗಿ ಲಾವೋಸಿಗೆ ಹೊರಟವರೆಲ್ಲ ಬೆಳಿಗ್ಗೆ ಎದ್ದು ರೈಲೇ ಇಲ್ಲದ ಹಳೇ ಸ್ಟೇಷನ್ನಿಗೆ ಹೋಗಿ, ಊದುಬತ್ತಿ ಉರಿಸಿ, ಟೆಂಪೊ ಹಿಡಿದು ಗದ್ದೆಗೆ ಹೋಗುವಷ್ಟರಲ್ಲಿ ರೈಲು ಸೇತುವೆ ಮೇಲಿರುತ್ತಿತ್ತು.

ರವಿವನ್ ಇದನ್ನು ನಂಬಲಿಲ್ಲ. ದೂರದ ಸಮಸ್ಯೆ ಎಂದುಕೊಂಡು ಸಂತೆಯಿಂದ ಗದ್ದೆಗೆ ಪುಕ್ಕಟೆ ಬಸ್ ಬಿಡಿಸಿದಳು. ಮೊದಲ ದಿನವೇ ಬಸ್ ತುಂಬಿತು. ಅವಳೂ ಹತ್ತಿದಳು, ಮುಖ ಅರಳಿತ್ತು. ಹಳೇ ಸ್ಟೇಷನ್ ಬಂದ ಕೂಡಲೇ “ನಿಲ್ಸಪ್ಪಾ!” ಎಂದು ಇಡೀ ಬಸ್ ಕೂಗಿತು, ಇಡೀ ಬಸ್ ಇಳಿಯಿತು. ಅವಳೂ ಡ್ರೈವರೂ ಇಬ್ಬರೇ ಟರ್ಮಿನಲ್ ಮುಟ್ಟಿದರು.

ಆಮೇಲೆ ಸ್ಟೇಷನ್ ಮಾಸ್ಟರ್ ತಮ್ರೋಂಗ್ ನನ್ನ ಅಂಗಡಿಗೆ ಬಂದು, ಕೋಳಿ ಕೇಳದೆ ಸುಮ್ಮನೆ ಕೂತ. ನನಗೆ ಆಗಲೇ ಏನೋ ಕೆಟ್ಟದ್ದು ಅನ್ನಿಸಿತು.

“ಅಕ್ಕಾ, ಭಿಕ್ಷುಗಳ ಮಳೆಗಾಲದ ವ್ರತ ಮುಗಿಯೋ ಒಳಗೆ ಜನ ಹೆಚ್ಚಬೇಕಂತೆ. ಇಲ್ಲಾಂದ್ರೆ ಹೊಳೆ ದಾಟೋ ರೈಲು ಬಂದ್.”

ಕೇಸೋನಳ ಮಂಡಿ, ನನ್ನ ಹೊಟ್ಟೆ, ನಡುವೆ ಅಷ್ಟಗಲ ಹೊಳೆ. ಮುಗಿಯಿತು ಅನ್ನಿಸಿತು.

“ಬಂದ್ ಮಾಡೋಕೆ ಅದೇನು ನಿಮ್ಮಪ್ಪನ ರೈಲಾ?” ಎಂದು ರೇಗಿದೆ. ಪಾಪ, ಅವನದೇನು ತಪ್ಪು? “ಅಜ್ಜಯ್ಯನ್ನ ಕರ್ಕೊಂಡು ಹೋಗಯ್ಯಾ ಮೊದ್ಲು! ಯಜಮಾನನ್ನ ಬಿಟ್ಟು ಮನೆ ಬದಲಾಯಿಸ್ತಾರಾ ಯಾರಾದ್ರೂ?”

“ದೈವಕ್ಕೆ ಅಂತ ಇಲಾಖೇಲಿ ದುಡ್ಡಿಲ್ಲಕ್ಕಾ.”

“ಪ್ರಯಾಣಿಕರ ಅನುಕೂಲ ಅಂತ ಬರಿ. ಕಕ್ಕಸಿಗೆ ಏನಂತ ಬರೀತೀಯ? ಹಾಗೇ ಬರಿ.”

ಬರೆದ. ಮಂಜೂರಾಯಿತು. ಪೂರ್ತಿ ಓದದೆ ಸಹಿ ಹಾಕಿದವರಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಅಜ್ಜಯ್ಯ ಮೈಮೇಲೆ ಬರುವುದು ಲಮ್ಯಾಯ್ ಅಜ್ಜಿಗೆ. ಹಲ್ಲಿಲ್ಲದ, ಊದಿದರೆ ಹಾರುವಂಥ ಮುದುಕಿ. ಅಜ್ಜಯ್ಯ ಬಂದರೆ ಮಾತ್ರ ದಫೇದಾರನ ಗಂಟಲು. ಮಾವಿನ ಮರದಡಿ ಕೂತು ಗಡಗಡ ನಡುಗಿ, ಗುಡುಗಿದಳು:

“ಏಯ್ ತಮ್ರೋಂಗ್! ಈಗ ನೆನಪಾಯ್ತೇನೋ ನಾನು?”

“ತಪ್ಪಾಯ್ತು ಅಜ್ಜಯ್ಯ, ಹೊಸ ಜಾಗಕ್ಕೆ ದಯಮಾಡಿಸ್ಬೇಕು” ಎಂದು ತಮ್ರೋಂಗ್ ಟೋಪಿ ತೆಗೆದು ನೆಲಕ್ಕೆ ಬಿದ್ದ.

“ಬರ್ತೀನಿ. ಆದ್ರೆ ನಿಮ್ಮ ಆ ಹಾಳು ಕಟ್ಟಡದ ನೆರಳು ನನ್ನ ಮನೆ ಮೇಲೆ ಬಿದ್ದರೆ ನೋಡು! ಮತ್ತೆ, ರೈಲಲ್ಲಿ ನನಗೊಂದು ಕಿಟಕಿ ಸೀಟು. ಇಷ್ಟು ವರ್ಷ ಎಲ್ರನ್ನೂ ಕಳಿಸಿ ಕಳಿಸಿ ಸಾಕಾಗಿದೆ, ನಾನೂ ಹೊಳೆ ನೋಡ್ಬೇಕು.”

ದೈವದ ಮನೆ ಮೇಲೆ ಕಟ್ಟಡದ ನೆರಳು ಬೀಳಬಾರದು, ಇದು ಎಲ್ಲರಿಗೂ ಗೊತ್ತಿರುವುದೇ. ಆದರೆ ಆ ಛಾವಣಿಯ ನೆರಳು ಬೀಳದ ಜಾಗ ಎಲ್ಲಿದೆ? ತಮ್ರೋಂಗ್ ಬೆಳಿಗ್ಗೆಯಿಂದ ಸಂಜೆಯ ತನಕ ಸುಣ್ಣದ ಡಬ್ಬಿ ಹಿಡಿದು ನೆರಳಿನ ಹಿಂದೆ ಓಡಾಡಿದ. ಬೆಳಿಗ್ಗೆ ಟಿಕೆಟ್ ಕಿಟಕಿ ಕಡೆ ನೆರಳು, ಮಧ್ಯಾಹ್ನ ಮೆಟ್ಟಿಲ ಮೇಲೆ, ಸಂಜೆ ಇಡೀ ಅಂಗಳದ ಮೇಲೆ. ಕೊನೆಗೆ ಸಿಕ್ಕಿದ್ದು ಒಂದೇ ಜಾಗ, ಪ್ಲಾಟ್‌ಫಾರ್ಮಿನ ಆ ತುದಿ. ಅಲ್ಲಿಯೇ ಕಂಬ ನೆಟ್ಟು, ಪುಟ್ಟ ಮನೆ ಕೂರಿಸಿ, ಹಂದಿ ತಲೆ, ಬೇಯಿಸಿದ ಮೊಟ್ಟೆ, ಕೆಂಪು ಸೋಡಾ ಇಟ್ಟು ಅಜ್ಜಯ್ಯನನ್ನು ಇಳಿಸಿಕೊಂಡೆವು. ಎರಡನೇ ಬೋಗಿಯಲ್ಲಿ ಕಿಟಕಿ ಪಕ್ಕದ ಸೀಟಿಗೆ ಚೆಂಡುಹೂವಿನ ಹಾರ ಹಾಕಿ ಅವನಿಗೆಂದು ಬಿಟ್ಟರು.

ಆ ತುದಿ ಪಾಸ್‌ಪೋರ್ಟ್ ಕೌಂಟರಿನ ಆಚೆಗಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಮಾರನೇ ದಿನ ಹೊಳೆಯಿತು.

ಹುಡುಗನ ಪರೀಕ್ಷೆಗೆಂದು ಹರಕೆ ಹೊತ್ತು ಬಂದ ತಾಯಿಯನ್ನು ಪೊಲೀಸು ತಡೆದ.

“ಟಿಕೆಟ್ ಎಲ್ಲಿ?”

“ನಾನ್ ಎಲ್ಲಿಗೂ ಹೋಗ್ತಿಲ್ಲಪ್ಪ, ಅಜ್ಜಯ್ಯಂಗೆ ಕೈ ಮುಗಿದು ಬರ್ತೀನಿ.”

“ಈ ಗೆರೆ ದಾಟಿದ್ರೆ ನೀವು ದೇಶ ಬಿಟ್ಟ ಹಾಗೆ. ದೇಶ ಬಿಟ್ಟೋರು ವಾಪಸ್ ಬರ್ಬೇಕಾದ್ರೆ ಇನ್ನೊಂದು ದೇಶದಿಂದಲೇ ಬರ್ಬೇಕು.”

ಅವಳು ಹೋಗಿಬರುವ ಟಿಕೆಟ್ ತೆಗೆದುಕೊಂಡಳು, ಠಸ್ಸೆ ಹಾಕಿಸಿಕೊಂಡಳು, ಊದುಬತ್ತಿ ಹಚ್ಚಿದಳು, ರೈಲು ಹತ್ತಿ ಲಾವೋಸಿಗೆ ಹೋದಳು, ಅಲ್ಲಿ ಇಳಿದು ತಿರುಗಿ ಅದೇ ರೈಲು ಹತ್ತಿ ಬಂದಳು. ಹುಡುಗ ಪಾಸಾದ. ಅಷ್ಟೇ ಸಾಕಾಯಿತು.

ಅಬ್ಬಬ್ಬಾ, ಆಮೇಲಿನ ಜಾತ್ರೆ ಕೇಳಬೇಡಿ! ಲಾಟರಿಯವರು, ಬಸುರಿಯರು, ಎಮ್ಮೆ ಕಳೆದುಕೊಂಡವರು, ಸಾಲ ವಸೂಲಿಯಾಗದವರು, ಎಲ್ಲರೂ ಅಂತಾರಾಷ್ಟ್ರೀಯ ಪ್ರಯಾಣಿಕರಾದರು. ಒಂದು ಮದುವೆ ದಿಬ್ಬಣ ಡೋಲು ಸಮೇತ ಲಾವೋಸಿಗೆ ಹೋಗಿ, ಅಲ್ಲಿನ ಗಾಳಿ ಕೂಡ ಸರಿಯಾಗಿ ಕುಡಿಯದೆ ವಾಪಸ್ ಬಂತು. ಆಚೆ ದಡದ ಅಧಿಕಾರಿಗಳು ಮೊದಮೊದಲು ಗಾಬರಿಯಾದರಂತೆ. ಇಳಿದವರೆಲ್ಲ ‘ಬಂದೆವು’ ಎಂದು ಠಸ್ಸೆ ಹಾಕಿಸಿ, ಪಕ್ಕದ ಸಾಲಿಗೆ ಹೋಗಿ ‘ಹೊರಟೆವು’ ಎಂದು ಠಸ್ಸೆ ಹಾಕಿಸಿದರೆ ಯಾರಿಗೆ ತಲೆ ಕೆಡುವುದಿಲ್ಲ?

ರವಿವನ್ ಗಾಳಿಪಟಕ್ಕಿಂತ ಮೇಲೆ ಹಾರಿದಳು. ಟರ್ಮಿನಲ್ ಸ್ಥಳಾಂತರದಿಂದ ಪ್ರಯಾಣಿಕರ ಸಂಖ್ಯೆ ಹೆಚ್ಚಿದೆ ಎಂದು ಅವಳು ಬರೆದ ವರದಿಗೆ ಬ್ಯಾಂಕಾಕಿನಲ್ಲಿ ಬಹುಮಾನ ಬಂತು. ಕಾರಣ ಏನೆಂದು ಬರೆದೆ ತಾಯೀ ಅಂತ ಕೇಳಿದ್ದಕ್ಕೆ, “ಆಕರ್ಷಕ ವಿನ್ಯಾಸ ಅಂತ ಹಾಕಿದೀನಿ ಅಮ್ಮಾ” ಅಂದಳು, ನೆಲ ನೋಡಿಕೊಂಡು.

ರೈಲು ಉಳಿಯಿತು. ನಾನು ಕುಣಿದಾಡಬೇಕಿತ್ತು. ಕುಣಿಯಲು ಹೋದವಳಿಗೆ ಟಿಕೆಟ್ಟೇ ಸಿಗಲಿಲ್ಲ.

ಅಮಾವಾಸ್ಯೆಗೆ ಹೋದೆ, ಮುಗಿದಿದೆ ಅಂದರು. ಮುಂದಿನದಕ್ಕೂ ಮುಗಿದಿತ್ತು. ಸುಗ್ಗಿಯ ತನಕ ಒಂದು ಸೀಟೂ ಇಲ್ಲವಂತೆ. ಆ ಕಡೆಯಿಂದ ಬರೋಣವೆಂದರೆ ಕೇಸೋನಳಿಗೂ ಇಲ್ಲ, ಹೋದವರೆಲ್ಲ ಅದೇ ಸೀಟಿನಲ್ಲಿ ತಿರುಗಿ ಬರುತ್ತಾರಲ್ಲ! ಎಲ್ಲಿಗೂ ಹೋಗಬೇಕಿಲ್ಲದ ಊರಿಗೆ ಊರೇ ಹೋಗುತ್ತಿತ್ತು, ಹೋಗಬೇಕಾದ ಇಬ್ಬರು ಮುದುಕಿಯರು ಎರಡು ದಡದಲ್ಲಿ ಕೂತಿದ್ದೆವು. ಹೊಟ್ಟೆ ಉರಿದು ತಮ್ರೋಂಗನ ಕೋಣೆಗೆ ನುಗ್ಗಿದೆ.

“ಅಜ್ಜಯ್ಯನ್ನ ಗೇಟಿಂದ ಈಚೆಗೆ ತಂದು ಕೂರಿಸಯ್ಯಾ!”

“ತಂದ್ರೆ ಜನ ಬರಲ್ಲಕ್ಕಾ. ಜನ ಬರದಿದ್ರೆ ರೈಲು ಬಂದ್.”

“ಅಲ್ಲೇ ಬಿಟ್ರೆ?”

“ರೈಲಿರತ್ತೆ. ಸೀಟಿರಲ್ಲ.”

ಅವನು ನನ್ನ ಮುಖ ನೋಡಲಾರದೆ ಟೋಪಿಯ ಧೂಳು ಕೊಡವತೊಡಗಿದ. ಆ ದಿನ ಕೇಸೋನ್ ಫೋನ್ ಮಾಡಿದಾಗ ಜಗಳ ತೆಗೆಯಲೇ ಇಲ್ಲ. “ಊಟ ಆಯ್ತೇನೇ?” ಎಂದು ಮೆತ್ತಗೆ ಕೇಳಿದಳು. ನನಗೆ ನಿಜವಾಗಿ ಭಯವಾದದ್ದು ಆಗ. ನಮ್ಮಕ್ಕ ಮೆತ್ತಗೆ ಮಾತಾಡುವವಳಲ್ಲ.

ಮುಂದಿನ ಅಮಾವಾಸ್ಯೆ ದಿನ ಕೋಳಿ ಕಟ್ಟಿಕೊಂಡು, ಟಿಕೆಟ್ಟಿಲ್ಲದೆ ನೇರ ಟರ್ಮಿನಲ್ಲಿಗೆ ಹೋದೆ. ತಮ್ರೋಂಗ್ ದೂರದಿಂದ ನೋಡಿದ, ಕರ್ಚೀಫಿನಿಂದ ಕಣ್ಣು ಒರೆಸುವವನ ಹಾಗೆ ಮುಖ ಮುಚ್ಚಿಕೊಂಡ. ಅವನು ನೋಡದಿದ್ದರೆ ಪೊಲೀಸೂ ನೋಡುವುದಿಲ್ಲ. ಗಡಿ ಪಾಸಿಗೆ ಠಸ್ಸೆ ಬಿತ್ತು. ಅಜ್ಜಯ್ಯನಿಗೆ ಊದುಬತ್ತಿ ಹಚ್ಚಿ, ಎರಡನೇ ಬೋಗಿ ಹತ್ತಿದೆ. ಮೂಲೆ ಮೂಲೆಯೂ ತುಂಬಿತ್ತು. ಹೂವಿನ ಹಾರದ ಸೀಟೊಂದು ಖಾಲಿ.

“ಅಜ್ಜಯ್ಯಾ, ಸ್ವಲ್ಪ ಸರ್ಕೋ” ಎಂದು ಹಾರ ಮಡಿಚಿ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟೆ.

ಬೋಗಿ ಹೌಹಾರಿತು. “ಅಯ್ಯಯ್ಯೋ, ದೈವದ ತೊಡೆ ಮೇಲೆ ಕೂತ್ಲಲ್ಲೋ!” ಎಂದು ಒಬ್ಬಳು ಕಿರುಚಿದಳು. ಎಲ್ಲರೂ ಅದೇ ಬೋಗಿಯಲ್ಲಿ ಕೂತಿದ್ದ ಲಮ್ಯಾಯ್ ಅಜ್ಜಿಯ ಕಡೆ ತಿರುಗಿದರು. ಅವಳು ನಡುಗಲು ಶುರುಮಾಡಿದಳು, ನನ್ನನ್ನೇ ದಿಟ್ಟಿಸಿದಳು, ಆಮೇಲೆ ನಡುಕ ನಿಲ್ಲಿಸಿ ತನ್ನದೇ ಗಂಟಲಲ್ಲಿ, “ಅವ್ನು ಹೊಳೆ ನೋಡ್ತಾ ಇದಾನೆ, ಗಲಾಟೆ ಮಾಡ್ಬೇಡಿ” ಅಂದಳು.

ಲಾವೋಸಿನ ಸ್ಟೇಷನ್ನಿನಲ್ಲಿ ಇಳಿದರೆ ಕೇಸೋನ್ ತಂತಿಬೇಲಿಯ ಆಚೆ ನಿಂತಿದ್ದಳು. ಕೈಯಲ್ಲಿ ಕೋಲು, ಕಂಕುಳಲ್ಲಿ ಅಂಟನ್ನದ ಬುಟ್ಟಿ. ಹುಣ್ಣಿಮೆ ಅಮಾವಾಸ್ಯೆ ತಪ್ಪಿಸದೆ ಬಂದು, ರೈಲಿನಿಂದ ಯಾರ್ಯಾರೋ ಇಳಿದು ಯಾರ್ಯಾರೋ ಹತ್ತುವುದನ್ನು ನೋಡಿ ವಾಪಸ್ ಹೋಗುತ್ತಿದ್ದಳಂತೆ. ನನಗೆ ಒಂದು ಮಾತೂ ಹೇಳಿರಲಿಲ್ಲ. ಸಣ್ಣಗಾಗಿದ್ದಳು.

ಜನವೆಲ್ಲ ‘ಬಂದೆವು’, ‘ಹೊರಟೆವು’ ಮುಗಿಸಿ ಆಗಲೇ ಹತ್ತುತ್ತಿದ್ದರು. ಬೇಲಿ ದಾಟಿ ಹೊರಗೆ ಹೋದರೆ ರೈಲು ತಪ್ಪುತ್ತದೆ, ತಪ್ಪಿದರೆ ಮತ್ತೆ ಸೀಟಿಲ್ಲ. ಗಾರ್ಡು ಬಾಗಿಲಲ್ಲಿ ನಿಂತು ಕೂಗಿದ: “ದೊಡ್ಡಮ್ಮಾ, ಬೇಗ ಹತ್ತಿ! ಅಜ್ಜಯ್ಯನ ಸೀಟು ಖಾಲಿ ಹೋಗ್ತಿದೆ!”

“ಅವನ ಸೀಟು, ಅವನೇ ಕೂತ್ಕೊಳ್ಲಿ ಬಿಡೋ” ಅಂದೆ.

ರೈಲು ಹೋಯಿತು. ಒಳಬರುವ ಕೌಂಟರಿನಲ್ಲಿದ್ದ ಹುಡುಗ ನನ್ನನ್ನು ಕಂಡು ಕಕ್ಕಾಬಿಕ್ಕಿಯಾದ. ನಿಜವಾಗಿ ಊರೊಳಗೆ ಹೋಗುವವರನ್ನು ನೋಡಿ ಅವನಿಗೆ ಬಹಳ ದಿನವಾಗಿತ್ತು.

“ದೊಡ್ಡಮ್ಮ, ನಿಮ್ಮ ಪಾಸು ಮೂರೇ ದಿನಕ್ಕೆ. ಯಾವಾಗ ವಾಪಸ್?”

“ಸೀಟು ಸಿಕ್ಕಿದಾಗ.”

“ಸೀಟು ಸುಗ್ಗಿ ತನಕ ಇಲ್ವಲ್ಲ!”

“ನಾನೇನ್ ಮಾಡ್ಲಿ? ನೀನು ಕೊಡ್ಸಿದ್ರೆ ಈಗ್ಲೇ ಹೋಗ್ತೀನಿ.”

ಅವನು ಪಾಸನ್ನು ಹಿಂದೆ ಮುಂದೆ ತಿರುಗಿಸಿದ, ಖಾಲಿ ಹಳಿ ನೋಡಿದ, ತಲೆ ಕೆರೆದುಕೊಂಡ, ಕೊನೆಗೆ ಠಸ್ಸೆ ಒತ್ತಿದ. ಬೇಲಿಯಾಚೆಯಿಂದ ಕೇಸೋನ್ ಕೂಗುತ್ತಿದ್ದಳು:

“ಲೇ ಪೆದ್ದಿ! ರೈಲು ಬಿಟ್ಟುಬಿಟ್ಯಲ್ಲೇ! ಈಗ ಎಲ್ ಮಲಗ್ತೀಯ? ನಮ್ಮನೇಲಿ ಇರೋದು ಒಂದೇ ಸೊಳ್ಳೆಪರದೆ!”

“ಅದ್ರೊಳಗೆ ನಾನ್ ಮಲಗ್ತೀನಿ, ನೀನ್ ಹೊರಗ್ ಮಲಗು” ಎಂದು ನಾನೂ ಕೂಗಿ, ಅಳು ಬಂದರೂ ಬರಲಿ ಎಂದುಕೊಂಡು, ಹೊರಗೆ ಹೋಗಿ ಅವಳ ಕೈಯಿಂದ ಬುಟ್ಟಿ ಇಸಿದುಕೊಂಡೆ.