ಕೆಮ್ಮಿನ ಆಚೆ

ಕುಂಕುಮದ ಚುಕ್ಕೆ ಇನ್ನೊಂದು ಸುತ್ತು ತಿರುಗಿ ಬಂತು, ಹೆಡ್‌ಫೋನು ಕಿವಿಗಳನ್ನು ಒತ್ತಿ ಹಿಡಿದಿದೆ, ಕೆಳಗಿನ ಅಮೀರ್‌ಪೇಟೆಯ ಹಾರ್ನು, ಕೋಚಿಂಗ್ ಮಕ್ಕಳ ಗದ್ದಲ ಎಲ್ಲವೂ ಒಮ್ಮೆಲೇ ನಿಂತುಹೋದ ಹಾಗೆ — ಸರಿ, ಚುಕ್ಕೆ ನಮ್ಮದೇ, ರೆಕಾರ್ಡೂ ನಮ್ಮದೇ, ಇನ್ನೂ ಬದಲಿಸಿಲ್ಲ, ಆದರೂ ಈ ಸ್ಟುಡಿಯೋದ ಸಮರ್ಥ್‌ನನ್ನು ನಂಬಬಾರದು, ಫೋನಿನಲ್ಲಿ ಎಷ್ಟು ನಯವಾಗಿ ಹೇಳಿದ, ಎರಡು ದಿನ ನಮ್ಮ ಕಡೆ ಬಿಟ್ಟು ಹೋಗ್ರಿ ಆಂಟಿ, ಹಿಸ್ಟಾರಿಕ್ ಲೈವ್ ರೆಕಾರ್ಡಿಂಗ್ ಐತಿದು, ಭಾಳ ಅಪರೂಪದ ಮಾಲು, ಅಪರೂಪ ಎಂದವರ ಕೈಯಲ್ಲಿ ಏನನ್ನಾದರೂ ಬಿಟ್ಟು ಹೋಗುವುದುಂಟೇ, ಅದಕ್ಕೇ ಮಂಡಿನೋವು ಹೊತ್ತುಕೊಂಡು ಈ ಮೆಟ್ಟಿಲು ಹತ್ತಿ ಬಂದು ಕಣ್ಣು ಕೀಳದೆ ಕೂತಿದ್ದೇನೆ, ತಿರುಗಲಿ, ಚುಕ್ಕೆಯನ್ನು ನೋಡುತ್ತಿದ್ದರೆ ಸಾಕು. ಇಟ್ಟವರು ಅತ್ತೆ. ಮನೆಗೆ ಹೊಸದೇನು ಬಂದರೂ ಅರಿಶಿನ ಕುಂಕುಮ ಏರಿಸದೆ ಮುಟ್ಟಗೊಡುತ್ತಿರಲಿಲ್ಲ, ಕುಕ್ಕರಿಗೆ, ಸೈಕಲ್ಲಿಗೆ, ಫ್ಯಾನಿಗೆ, ಹಾಗೇ ಇವರು ಜರ್ಮನಿಯಿಂದ ಬಂದು ಸೂಟ್‌ಕೇಸು ಬಿಚ್ಚಿದ ದಿನ ಈ ಕರಿ ತಟ್ಟೆಗೂ, ಲೇಬಲ್ಲಿನ ಮೇಲೆ ಒಂದು ಬೊಟ್ಟು, ಚೂರು ಗೆರೆಗಳ ಮೇಲೂ ಉದುರಿತು, ಅವ್ವಾ ಏನ್ ಮಾಡಿದಿ ಎಂದು ಇವರು ಚೀರಿದರು, ಇರಲಿ ಬಿಡೋ ಸೋಮಣ್ಣ, ಹಾಡಾಕಿ ಮುತ್ತೈದಿ ಹೌದಲ್ಲೋ ಎಂದರು ಅತ್ತೆ, ಇವರು ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಕುಂಕುಮವನ್ನು ಇನ್ನಷ್ಟು ಒಳಗಿಳಿಸಿದರು, ಅಂದಿನಿಂದ ಆ ಜಾಗಕ್ಕೆ ಬಂದರೆ ಟಿಕ್, ಟಿಕ್, ಟಿಕ್ ಆದಮೇಲೆ ಕೆಮ್ಮು.

ಇವರ ಕೆಮ್ಮು. ಡಿಫೆನ್ಸ್ ಕಾರ್ಖಾನೆಯವರು ತರಬೇತಿಗೆ ಕಳಿಸಿದ ವರ್ಷ, ನಾನು ಕ್ವಾರ್ಟರ್ಸಿನಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತೆಯ ಜೊತೆ, ಇವರು ಅಲ್ಲಿ ಕೋಟು ಹಾಕಿಕೊಂಡು ಸಂಗೀತ ನಾಟಕಕ್ಕೆ, ಆ ಸಂಜೆಯೇ ಮೈಕುಗಳನ್ನಿಟ್ಟು ಇಡೀ ಆಟವನ್ನು ಹಿಡಿದರಂತೆ, ಇವರು ಊರಿಗೆ ಹೊರಡುವ ಹೊತ್ತಿಗೆ ರೆಕಾರ್ಡು ಅಂಗಡಿಗೆ ಬಂದಿತ್ತಂತೆ — ಎಲ್ಲವೂ ಅಂತೆ, ನಾನು ನೋಡಿದ್ದೇನು, ಸೂಟ್‌ಕೇಸು. ಕಥೆಯನ್ನೂ ಇವರೇ ಹೇಳಿದ್ದು, ಹೆಂಡ್ತಿ ಗಂಡಸಿನ ವೇಷ ಹಾಕ್ಕೊಂಡು ಜೈಲಿನ್ಯಾಗ ಕೆಲಸಕ್ಕ ಸೇರ್ತಾಳ, ಕಳದುಹೋದ ಗಂಡನ್ನ ಹುಡುಕಾಕ, ನೆಲಮಾಳಿಗಿಯೊಳಗ ಕುಣಿ ತೋಡು ಅಂತಾರ, ತೋಡ್ತಾಳ, ಅಲ್ಲಿ ಕಟ್ಟಿಹಾಕಿದಾವ ತನ್ನ ಗಂಡನೋ ಬ್ಯಾರೆ ಯಾರೋ ಕತ್ತಲಾಗ ಮಾರಿ ಕಾಣವಲ್ದು. ಎಂಥ ಹೆಂಡತಿ ನೋಡು ಗುಣವತಿ ಎಂದರು, ಎಷ್ಟು ಸಲೀಸಾಗಿ ಎಂದರು. ಅವಳು ತೋಡುವಾಗ ವಾದ್ಯಗಳೆಲ್ಲ ಪಿಸುಗುಟ್ಟುತ್ತವೆ, ಅಲ್ಲೇ ಇವರಿಗೆ ಕೆಮ್ಮು ಬಂದದ್ದು. ಪ್ರತಿ ಆಯುಧಪೂಜೆಗೆ ರೆಕಾರ್ಡ್ ಪ್ಲೇಯರಿಗೆ ಚೆಂಡುಹೂವು, ಕ್ವಾರ್ಟರ್ಸಿನ ಮಂದಿಯೆಲ್ಲ ನಮ್ಮ ಹಾಲಿನಲ್ಲಿ, ಇವರು ಬೆರಳೆತ್ತಿ ಈಗ ಬಂತು ನೋಡ್ರಿ, ಟಿಕ್, ಟಿಕ್, ಕೆಮ್ಮು, ಇದು ನಾ, ಪಕ್ಕದ ಮನೆಯ ಅಂಬಣ್ಣನವರು ಪ್ರತಿ ವರ್ಷವೂ ಅದೇ ಮಾತು, ಹೈದರಾಬಾದಿನ್ಯಾಗ ಕೆಮ್ಮಿದ್ರ ದವಾಖಾನಿಗೆ ಕಳಸ್ತಾರ, ಜರ್ಮನಿಯೊಳಗ ಕೆಮ್ಮಿದ್ರ ರೆಕಾರ್ಡ್ ಮಾಡ್ತಾರಪಾ, ಎಲ್ಲರೂ ನಗು, ಆ ನಗುವಿನ ನಡುವೆ ಇವರ ಕೈ ಮೆಲ್ಲಗೆ ವಾಲ್ಯೂಮಿನ ಗುಂಡಿಗೆ. ಯಾರೂ ನೋಡಲಿಲ್ಲ. ನಾನು ನೋಡಿದೆ. ಪ್ರತಿ ವರ್ಷ ಕೆಮ್ಮು ಆದ ಕೂಡಲೇ ಗುಂಡಿ. ಯಾಕ್ರಿ ಸಣ್ಣ ಮಾಡ್ತೀರಿ ಎಂದರೆ, ಮುಂದ ಬರೇ ಚೀರಾಟ ಐತಿ, ನಿನಗ ತಲಿ ನೋಯ್ತದ. ನನ್ನ ತಲೆ ಎಂದೂ ನೋಯಲಿಲ್ಲ. ಕೈ ಒಮ್ಮೆ ತಡವಾದಾಗ ಕೇಳಿಬಿಟ್ಟಿದ್ದೆ, ಕೆಮ್ಮಿನ ಹಿಂದೆಯೇ ಒಂದು ಶ್, ಹೆಂಗಸಿನದು. ಯಾರಾಕಿ ಎಂದೆ. ಸಾವಿರ ಮಂದಿ ಕುಂತಿರ್ತಾರ, ಯಾರೋ ಅಂದಿರ್ತಾರ ಬಿಡು. ಇರಬಹುದು, ಆದರೆ ಗುರುತಿಲ್ಲದವಳು ಸುಮ್ಮನಿರಿಸುವುದು ಹಾಗಲ್ಲ, ಅದರಲ್ಲಿ ಸಿಟ್ಟಿರುತ್ತದೆ, ಈ ಶ್‌ನಲ್ಲಿ ಸಿಟ್ಟಿರಲಿಲ್ಲ, ಪಕ್ಕದ ಕುರ್ಚಿಯ ಶ್ ಅದು, ತೋಳಿನ ಮೇಲೆ ಕೈಯಿಟ್ಟು ಅಂದ ಶ್.

ಈಗ ಗುಂಡಿಯ ಮೇಲೆ ಯಾರ ಕೈಯೂ ಇಲ್ಲ. ಕೈ ಸುಟ್ಟು ಬೂದಿಯಾಗಿ ಬರುವ ವಾರಕ್ಕೆ ವರ್ಷ, ವರ್ಷಾಂತಕ್ಕೆ ಬಂದವರಿಗೆಲ್ಲ ಅಪ್ಪನ ಕೆಮ್ಮಿನ ಭಾಗವನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೊಡೂಣು ಅವ್ವಾ ಎಂದು ಹೊರಟವಳು ಅಪೂರ್ವ, ಇವಳಿಗೇಕೆ ಇಷ್ಟು ಅವಸರ, ನನಗಿಂತ ಮೊದಲು ತಾನೇ ಕೇಳಿ ಹೆಡ್‌ಫೋನು ತೆಗೆದು ನನ್ನನ್ನು ನೋಡದೆ ಗೋಡೆ ನೋಡಿದಳಲ್ಲ — ಚುಕ್ಕೆ ಬಂತು, ಟಿಕ್, ಚುಕ್ಕೆ, ಟಿಕ್, ಕೆಮ್ಮು. ಶ್. ಆಮೇಲೆ, ಇಷ್ಟು ವರ್ಷ ಗುಂಡಿಯ ಕೆಳಗೆ ಬಚ್ಚಿಟ್ಟದ್ದು, ನಗು. ಮೊದಲು ಆಕೆಯದು, ಮೂಗಿನಲ್ಲೇ. ಹಿಂದೆಯೇ ಇವರದು. ಇವರದೇ, ಬೇರೆ ಯಾರದೂ ಅಲ್ಲ, ಹೆಣ್ಣು ನೋಡಲು ಬಂದ ದಿನ ನಮ್ಮಪ್ಪನ ಎದುರು ಅವಲಕ್ಕಿ ಗಂಟಲಿಗೆ ಸಿಕ್ಕು ಹೀಗೇ ಮೂಗಿನಲ್ಲಿ ತಡೆದು ತಡೆದು ನಕ್ಕಿದ್ದರು, ನಾನು ಬಾಗಿಲ ಮರೆಯಲ್ಲಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ, ಜರ್ಮನಿಯಿಂದ ಬಂದಮೇಲೆ ಆ ನಗು ಮನೆಯಲ್ಲಿ ಕೇಳಲೇ ಇಲ್ಲ, ಅಲ್ಲೇ ಬಿಟ್ಟು ಬಂದರೇನೋ ಎಂದುಕೊಂಡಿದ್ದೆ, ಬಿಟ್ಟು ಬಂದಿರಲಿಲ್ಲ, ತಂದಿದ್ದರು, ನಮ್ಮ ಹಾಲಿನಲ್ಲೇ ಇಟ್ಟಿದ್ದರು, ಚೆಂಡುಹೂವು ಏರಿಸಿದವಳು ನಾನು. ಅವ್ವಾ, ಎಂದಳು ಅಪೂರ್ವ, ನಾನಿನ್ನೂ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದ್ದೇನೆ ಅಷ್ಟೇ, ಕೆಮ್ಮು ಅಷ್ಟಽ ಇಟ್ಟು ಮುಂದಿಂದು ತೆಗಸಿಬಿಡೂಣು, ಮಂದಿ ಕೇಳಿದ್ರ ಚಂದ ಇರೂದಿಲ್ಲ. ಯಾವ ಮುಂದಿನದು ಎಂದು ನಾನು ಕೇಳಿಯೇ ಇರಲಿಲ್ಲ. ಹಾಗಾದರೆ ಇವಳಿಗೆ ಗೊತ್ತು, ಯಾವಾಗಿನಿಂದ, ಅಪ್ಪ ಹೇಳಿದ್ದರೇ, ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ — ಸಮರ್ಥ್ ಪರದೆಯನ್ನು ನನ್ನ ಕಡೆ ತಿರುಗಿಸಿದ, ಹಸಿರು ಹಸಿರು ಗುಡ್ಡಗಳು, ಇಲ್ಲಿ ನೋಡ್ರಿ ಆಂಟಿ, ಇದು ಕುಂಕುಮದ ಟಿಕ್ ಟಿಕ್, ಇದು ಅಂಕಲ್ ಅವರ ಕೆಮ್ಮು, ಇದನ್ನ ಹಂಗಽ ಇಡ್ತೀನಿ, ಈ ಸಣ್ಣುವು ಎರಡು ಅದಾವಲ್ರಿ, ಶ್ ಒಂದು, ನಗು ಒಂದು, ಒಂದು ಕ್ಲಿಕ್, ಪೂರಾ ಸಾಫ್, ಯಾರಿಗೂ ಗೊತ್ತಾಗೂದಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ, ಇವರ ಕೈಯೂ ಇದನ್ನೇ ಅಲ್ಲವೇ ಮಾಡಿದ್ದು. ಅಳಿಸಿದರೆ ಆಕೆ ಎದ್ದು ಹೋಗುತ್ತಾಳೆಯೇ, ಕತ್ತಲಿನಲ್ಲಿ ಅದೇ ಕುರ್ಚಿಯಲ್ಲಿ ಕೂತೇ ಇರುತ್ತಾಳೆ, ನನಗೆ ಎಲ್ಲಿ ಎಂದು ತಿಳಿಯುವುದಿಲ್ಲ ಅಷ್ಟೇ, ಆಕೆಯ ಜೊತೆಗೆ ಆ ನಗುವೂ ಹೋಗುತ್ತದೆ, ಉಳಿಯುವುದು ಕೆಮ್ಮು, ಕೆಮ್ಮು ನನಗೆ ಬೇಕಾದಷ್ಟು ಇದೆ, ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಹಗಲೆಲ್ಲ ಕೇಳಿದ್ದೇನೆ, ಅದರ ಆಚೆ ಏನೂ ಇರಲಿಲ್ಲ. ಸಮರ್ಥ್‌ನ ಬೆರಳು ಮೌಸಿನ ಮೇಲೆ. ಅಪೂರ್ವಳ ಕಣ್ಣು ನನ್ನ ಮೇಲೆ. ಆಕಡೆ ತಟ್ಟೆ ನಿಂತಿಲ್ಲ, ಕೆಂಪು ಚುಕ್ಕೆ ಹೋಯಿತು, ಬಂತು. ಬ್ಯಾಡ, ಎಂದೆ. ಅವ್ವಾ, ಮಂದಿ — ಮಂದಿ ಕೇಳಲಿ. ಹೋಗ್ಲಿ ಬಿಡ್ರಿ ಆಂಟಿ, ಟಿಕ್ ಟಿಕ್ ಆದ್ರೂ ತೆಗೀಲೇನ್ರಿ, ಭಾಳ ಕ್ಲೀನ್ ಬರ್ತದ. ಕೆಂಪು ಚುಕ್ಕೆ ಹೋಯಿತು, ಕೆಂಪು ಚುಕ್ಕೆ ಬಂತು, ಹೋಯಿತು, ಕೆಂಪು ಚುಕ್ಕೆ —

ಬ್ಯಾಡ ಅಂದ್ನೆಲ್ಲ. ಅದೂ ಬ್ಯಾಡ.